ಟ್ಯೂಡರ್ ಕಾಲದ ಅಂಗಿ, ರಫ್ ಕಾಲರ್, ಟೋಪಿ: ಕೈಹೊಲಿಗೆಯಲ್ಲಿ ಮಾಡುವ ಕ್ರಮ

ಶಿರಸಿ, ಕುಮಟಾ, ಕಾರವಾರದ ಕಡೆ ಕಾಲೇಜಿನವರೋ ಹವ್ಯಾಸಿ ತಂಡದವರೋ ಶೇಕ್ಸ್‌ಪಿಯರ್ ನಾಟಕ ಎತ್ತಿಕೊಂಡರೆ ವೇಷಕ್ಕೆಂದು ಮೊದಲು ಹುಡುಕುವುದು ಮಖಮಲ್ಲಿನ ಗೌನು, ಜರಿ ಪಟ್ಟಿ. ದುಡ್ಡೆಲ್ಲ ಅಲ್ಲಿಯೇ ಮುಗಿಯುತ್ತದೆ. ಆಮೇಲೆ ರಂಗದ ಮೇಲೆ ಆ ಗೌನಿನ ಕುತ್ತಿಗೆಯಿಂದ ಬನಿಯನ್ನಿನ ಅಂಚು ಇಣುಕುತ್ತಿರುತ್ತದೆ. ಇಂಗ್ಲೆಂಡಿನ ಟ್ಯೂಡರ್ ಅರಸರ ಕಾಲದ ಚಿತ್ರಗಳನ್ನು ಗಮನವಿಟ್ಟು ನೋಡಿ. ರಾಜನಿರಲಿ, ವರ್ತಕನಿರಲಿ, ಕುತ್ತಿಗೆಯ ಸುತ್ತ ಮತ್ತು ಮುಂಗೈಯ ಬಳಿ ಬಿಳಿ ಬಟ್ಟೆ ಕಾಣುತ್ತದೆ. ಮೈಗೆ ತಾಗುತ್ತಿದ್ದ ಒಳಅಂಗಿಯ ಅಂಚು ಅದು. ಮೇಲಿನ ಉಣ್ಣೆ, ಮಖಮಲ್ಲುಗಳನ್ನು ಒಗೆಯುವಂತಿರಲಿಲ್ಲ. ಬೆವರು, ಕೊಳೆ ಹೀರಿಕೊಂಡು ಮತ್ತೆಮತ್ತೆ ಒಗೆಸಿಕೊಳ್ಳುತ್ತಿದ್ದುದು ಈ ಲಿನನ್ ಅಂಗಿಯೇ. ಆ ಬಿಳಿ ಸರಿಯಾಗಿದ್ದರೆ ಮೇಲಿನ ಉಡುಪು ಸಾಧಾರಣವಾಗಿದ್ದರೂ ವೇಷ ನಿಲ್ಲುತ್ತದೆ. ಬಿಳಿ ತಪ್ಪಿದರೆ ಎಷ್ಟು ಜರಿ ಹಾಕಿದರೂ ಅದು ಬಾಡಿಗೆ ವೇಷದಂತೆಯೇ ಕಾಣುತ್ತದೆ. ಹಾಗಾಗಿ ಕೆಲಸ ಅಂಗಿಯಿಂದ ಶುರುವಾಗಲಿ.

ಯಾವ ವರ್ಷಕ್ಕೆ ಯಾವ ಬಿಳಿ

ಟ್ಯೂಡರ್ ಮನೆತನ ಆಳಿದ್ದು 1485ರಿಂದ 1603ರವರೆಗೆ. ಈ 118 ವರ್ಷಗಳಲ್ಲಿ ಅಂಗಿಯ ಕತ್ತರಿಕೆ ಹೆಚ್ಚು ಬದಲಾಗಲಿಲ್ಲ, ಕುತ್ತಿಗೆ ಮಾತ್ರ ಬದಲಾಗುತ್ತ ಹೋಯಿತು. ಮೊದಲಿನ ವರ್ಷಗಳಲ್ಲಿ ಕುತ್ತಿಗೆ ತಗ್ಗು, ಕಾಲರ್ ಇಲ್ಲ. ಎಂಟನೆಯ ಹೆನ್ರಿಯ ಕಾಲದಲ್ಲಿ, 1530ರ ಸುಮಾರಿಗೆ, ನಿಂತ ಕಾಲರ್ ಪಟ್ಟಿ ಬಂತು, ಅದರ ಮೇಲಂಚಿಗೆ ಬೆರಳಗಲದ ಸಣ್ಣ ಫ್ರಿಲ್ ಸೇರಿತು. 1560ರ ದಶಕದಲ್ಲಿ ಗಂಜಿ ಹಾಕುವ ವಿದ್ಯೆ ಹಾಲೆಂಡ್ ಕಡೆಯಿಂದ ಲಂಡನ್ನಿಗೆ ಬಂದ ಮೇಲೆ ಆ ಫ್ರಿಲ್ ಬೆಳೆದು, ಅಂಗಿಯಿಂದ ಬೇರೆಯಾಗಿ, ಕಟ್ಟಿಕೊಳ್ಳುವ ರಫ್ ಆಯಿತು. 1580ರ ಹೊತ್ತಿಗೆ ತಟ್ಟೆಯಷ್ಟು ಅಗಲದ ರಫ್‌ಗಳಿದ್ದವು. ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ ಪೋರ್ಚುಗೀಸರೊಂದಿಗೆ ಮೆಣಸಿನ ವ್ಯಾಪಾರ ನಡೆಸುತ್ತಿದ್ದ ಕಾಲವೂ ಅದೇ.

ಇಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷರು ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆದದ್ದು 1638ರಲ್ಲಿ, ಟ್ಯೂಡರ್ ಕಾಲ ಮುಗಿದು 35 ವರ್ಷವಾದ ಮೇಲೆ. ಆ ಕೋಠಿಯ ಕಥೆ ಆಡುವವರು ಇಂಗ್ಲಿಷ್ ವರ್ತಕನಿಗೆ ದೊಡ್ಡ ರಫ್ ತೊಡಿಸಿದರೆ ಅದು ಅವನ ಅಜ್ಜನ ಕಾಲದ ವೇಷವಾಗುತ್ತದೆ. ಅವನಿಗೆ ಭುಜದ ಮೇಲೆ ಮಲಗುವ ಬಿಳಿ ಕಾಲರ್ ಸಾಕು.

ಬಟ್ಟೆ

ಲಿನನ್ ಎಂದರೆ ಅಗಸೆ ಗಿಡದ ಕಾಂಡದ ನಾರಿನಿಂದ ನೇಯ್ದ ಬಟ್ಟೆ. ಬೀಜದಿಂದ ನಮ್ಮಲ್ಲಿ ಚಟ್ನಿಪುಡಿ ಮಾಡುವ ಅದೇ ಅಗಸೆ. ಅಂಗಿಗೆ ಚದರ ಮೀಟರಿಗೆ 120ರಿಂದ 150 ಗ್ರಾಂ ತೂಗುವ ಬಿಳಿ ಲಿನನ್ ಬೇಕು, ರಫ್‌ಗೆ ಇನ್ನೂ ತೆಳು, 90ರಿಂದ 100 ಗ್ರಾಂ. ಪಾಲಿಯೆಸ್ಟರ್ ಬೆರೆತ ‘ಲಿನನ್ ಲುಕ್’ ಬಟ್ಟೆ ತೆಗೆದುಕೊಳ್ಳಬೇಡಿ. ಅದು ಮಡಿಕೆ ಹಿಡಿಯುವುದಿಲ್ಲ, ಗಂಜಿ ಕುಡಿಯುವುದಿಲ್ಲ, ಕರಾವಳಿಯ ಸೆಕೆಯಲ್ಲಿ ಉಟ್ಟವರಿಗೆ ಉಸಿರುಗಟ್ಟುತ್ತದೆ. ಅಂಗಡಿಯಲ್ಲಿ ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ಲಿನನ್ ಆಗಲಿ ಹತ್ತಿಯಾಗಲಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಲಿನನ್ ದುಬಾರಿಯೆನಿಸಿದರೆ ಹುಬ್ಬಳ್ಳಿ, ಧಾರವಾಡದ ಕಡೆ ಸಿಗುವ ಕೈನೂಲಿನ ಖಾದಿಯೇ ಒಳ್ಳೆಯ ಬದಲಿ. ಎಳೆ ಸ್ವಲ್ಪ ಏರುಪೇರು ಇರುವುದರಿಂದ ಮಿಲ್ಲಿನ ಬಟ್ಟೆಗಿಂತ ಹಳೆಯ ಲಿನನ್‌ಗೆ ಹತ್ತಿರವಾಗಿ ಕಾಣುತ್ತದೆ.

ಎದೆಸುತ್ತಳತೆ 96 ಸೆಂ.ಮೀ. ಇರುವ ಸಾಧಾರಣ ಎತ್ತರದವರಿಗೆ 150 ಸೆಂ.ಮೀ. ಪನ್ನದ ಲಿನನ್ ಎರಡೂಕಾಲು ಮೀಟರ್ ಬೇಕು. 36 ಇಂಚು ಪನ್ನದ ಖಾದಿಯಾದರೆ ಎರಡೂಮುಕ್ಕಾಲು ಮೀಟರ್. ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಒಗೆದು, ಅರೆಹಸಿ ಇರುವಾಗಲೇ ಇಸ್ತ್ರಿ ಮಾಡಿ. ಮೀಟರಿಗೆ ನಾಲ್ಕೈದು ಸೆಂ.ಮೀ. ಕುಗ್ಗುವುದು ಸಾಮಾನ್ಯ. ಈ ಕೆಲಸ ತಪ್ಪಿಸಿದರೆ ಮೊದಲ ಒಗೆತಕ್ಕೆ ಕಾಲರ್ ಬಿಗಿಯಾಗಿ ಕುತ್ತಿಗೆಗೆ ಅಂಟಿಕೊಳ್ಳುತ್ತದೆ.

ದಾರ, ಮೇಣ, ಸೂಜಿ, ಪಿನ್ನು

ಹೊಲಿಯಲು ಲಿನನ್ ದಾರ ಸಿಕ್ಕರೆ ಉತ್ತಮ, ಸಿಗದಿದ್ದರೆ 40 ನಂಬರಿನ ಹತ್ತಿ ದಾರ. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿ. ಜಗ್ಗಿದಾಗ ಅದು ತುಂಡಾಗುವುದಿಲ್ಲ, ಹೊಲಿಗೆಯ ಗೆರೆಯುದ್ದಕ್ಕೂ ಬಟ್ಟೆಯೇ ಸೀಳುತ್ತದೆ. ಹರಿದ ದಾರವನ್ನು ಹತ್ತು ನಿಮಿಷದಲ್ಲಿ ಮತ್ತೆ ಹೊಲಿಯಬಹುದು, ಸೀಳಿದ ಬಟ್ಟೆಗೆ ತೇಪೆಯೇ ಗತಿ.

ಒಂದು ಸಲಕ್ಕೆ ಒಂದು ಮೊಳ ದಾರ ಮಾತ್ರ ತೆಗೆದುಕೊಳ್ಳಿ. ಮಾರುದ್ದ ತೆಗೆದರೆ ಪ್ರತಿ ಟಾಕಿಗೂ ದಾರ ಬಟ್ಟೆಯೊಳಗೆ ಉಜ್ಜಿ ಉಜ್ಜಿ ಕೊನೆಯ ಅರ್ಧ ನವೆದುಹೋಗುತ್ತದೆ, ಗಂಟೂ ಬೀಳುತ್ತದೆ. ಪೋಣಿಸಿದ ದಾರವನ್ನು ಜೇನುಮೇಣದ ತುಂಡಿನ ಮೇಲೆ ಎರಡು ಸಲ ಎಳೆದು, ಬೆರಳುಗಳ ನಡುವೆ ಒತ್ತಿ ಎಳೆಯಿರಿ. ಬೆರಳಿನ ಬಿಸಿಗೆ ಮೇಣ ಎಳೆಯೊಳಗೆ ಇಳಿಯುತ್ತದೆ. ಶಿರಸಿ, ಸಿದ್ದಾಪುರದ ಕಡೆ ಜೇನು ಸಾಕಿದವರ ಮನೆಯಲ್ಲಿ ಮೇಣ ಸುಲಭವಾಗಿ ಸಿಗುತ್ತದೆ. ಅದನ್ನು ಕರಗಿಸಿ ಬಟ್ಟೆಯಲ್ಲಿ ಸೋಸಿ ಗಟ್ಟಿ ಮಾಡಿಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಸೋಸದ ಮೇಣದಲ್ಲಿನ ಕಸರು ಬಿಳಿ ಬಟ್ಟೆಗೆ ಕಂದು ಗೆರೆ ಬಿಡುತ್ತದೆ.

ಸೂಜಿ 9 ಅಥವಾ 10 ನಂಬರಿನದು, ಸಣ್ಣ ಕಣ್ಣಿನದು. ಕಸೂತಿಗೆ ಬೇರೆ, 26 ನಂಬರಿನ ಮೊಂಡು ತುದಿಯ ಸೂಜಿ. ಟ್ಯೂಡರ್ ಕಾಲದ ಪಿನ್ನುಗಳು ಹೆಚ್ಚಾಗಿ ಹಿತ್ತಾಳೆಯವು. ಕರಾವಳಿಯಲ್ಲಿ ಹೊಲಿಯುವವರಿಗೆ ಅದೇ ಸರಿ ಕೂಡ. ಕಬ್ಬಿಣದ ಪಿನ್ನನ್ನು ಮಳೆಗಾಲದಲ್ಲಿ ಬಟ್ಟೆಯಲ್ಲೇ ಬಿಟ್ಟರೆ ತುಕ್ಕಿನ ಕಲೆ ಬೀಳುತ್ತದೆ. ಬಿದ್ದ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ಚೆನ್ನಾಗಿ ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ. ಕಪ್ಪು ರೇಷ್ಮೆಯ ಹತ್ತಿರ ಮಾತ್ರ ಈ ಪ್ರಯೋಗ ಬೇಡ.

ಎಳೆ ಎಳೆದು ಕತ್ತರಿಸುವುದು

ಈ ಅಂಗಿಗೆ ಪೇಪರ್ ಪ್ಯಾಟರ್ನ್ ಬೇಕಿಲ್ಲ. ಎಲ್ಲ ತುಂಡುಗಳೂ ಆಯತ ಅಥವಾ ಚೌಕ. ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಚೂರೂ ಪೋಲಾಗದಂತೆ ಕಂಡುಕೊಂಡ ಕ್ರಮ ಇದು. ಚಾಕ್‌ನಿಂದ ಗೆರೆ ಎಳೆಯಬೇಡಿ. ಅಳತೆಯ ಜಾಗದಲ್ಲಿ ಅಂಚಿಗೆ ಒಂದು ಸಣ್ಣ ಕಚ್ಚು ಕೊಟ್ಟು, ಅಲ್ಲಿ ಒಂದು ಎಳೆಯನ್ನು ಸೂಜಿಯ ತುದಿಯಿಂದ ಎತ್ತಿ, ಒಂದು ಕೈಯಲ್ಲಿ ಎಳೆಯುತ್ತ ಇನ್ನೊಂದು ಕೈಯಿಂದ ಬಟ್ಟೆಯನ್ನು ಅದರ ಮೇಲೆ ಹಿಂದಕ್ಕೆ ಸರಿಸಿ. ಎಳೆ ಹೊರಬಂದ ಜಾಗದಲ್ಲಿ ಕೂದಲಗಲದ ಖಾಲಿ ಹಾದಿ ಕಾಣುತ್ತದೆ. ಕತ್ತರಿ ಆ ಹಾದಿಯಲ್ಲೇ ನಡೆಯಲಿ. ಎಳೆ ಮಧ್ಯೆ ತುಂಡಾದರೆ ಅಲ್ಲಿಯವರೆಗೆ ಕತ್ತರಿಸಿ, ತುದಿ ಹುಡುಕಿ ಮತ್ತೆ ಎಳೆಯಿರಿ. ನಿಧಾನದ ಕೆಲಸ, ಆದರೆ ಪ್ರತಿ ತುಂಡೂ ಹಾಸು-ಹೊಕ್ಕಿನ ನೇರಕ್ಕೆ ಬರುತ್ತದೆ. ಓರೆಯಾಗಿ ಕತ್ತರಿಸಿದ ತೋಳು ಒಗೆದ ಮೇಲೆ ತಿರುಚಿಕೊಳ್ಳುತ್ತದೆ, ಆಗ ಸರಿಪಡಿಸಲು ದಾರಿಯಿಲ್ಲ.

ಎಲ್ಲ ಕಡೆ ಒಂದೂವರೆ ಸೆಂ.ಮೀ. ಮಾರ್ಜಿನ್ ಸೇರಿಸಿದ ಅಳತೆಗಳು ಸೆಂ.ಮೀ.ಗಳಲ್ಲಿ ಹೀಗಿವೆ. ಮೈ ಒಂದೇ ತುಂಡು, 74 ಅಗಲ, 194 ಉದ್ದ. ಭುಜದ ಮೇಲೆ ಮಡಿಕೆ ಬರುತ್ತದೆ, ಅಲ್ಲಿ ಹೊಲಿಗೆಯಿಲ್ಲ. ತೋಳು ಎರಡು, ತಲಾ 50 ಅಗಲ, 51 ಉದ್ದ. ಕಂಕುಳ ಚೌಕ ಎರಡು, 15ಕ್ಕೆ 15. ಕಾಲರ್ ಪಟ್ಟಿ 45ಕ್ಕೆ 11. ಕಫ್ ಪಟ್ಟಿ ಎರಡು, 25ಕ್ಕೆ 11 (ಕಫ್‌ಗೆ ಕಸೂತಿ ಹಾಕುವುದಿದ್ದರೆ ಅದು ಮುಗಿದ ಮೇಲೆ ಕತ್ತರಿಸಿ). ದೊಡ್ಡ ಪನ್ನದಲ್ಲಿ ಮೈಯ ತುಂಡನ್ನು ಒಂದು ಅಂಚಿಗೆ ತೆಗೆದರೆ ಪಕ್ಕದಲ್ಲಿ 76 ಸೆಂ.ಮೀ. ಅಗಲದ ಪಟ್ಟಿ ಉಳಿಯುತ್ತದೆ. ಅದರಲ್ಲಿ ತೋಳುಗಳನ್ನು ಒಂದರ ಕೆಳಗೊಂದು ತೆಗೆಯಿರಿ, ಉಳಿದ ಜಾಗದಲ್ಲಿ ಪಟ್ಟಿಗಳು, ಚೌಕಗಳು ಬರುತ್ತವೆ. 36 ಇಂಚಿನ ಖಾದಿಯಲ್ಲಿ ತೋಳಿನ ಅಗಲವನ್ನು 45ಕ್ಕೆ ಇಳಿಸಿ. ಎದೆ ದೊಡ್ಡದಿದ್ದವರಿಗೆ ಸುತ್ತಳತೆಗೆ 46 ಕೂಡಿಸಿ, ಅರ್ಧ ಮಾಡಿ, ಮಾರ್ಜಿನ್ ಸೇರಿಸಿ. ಅದೇ ಮೈಯ ಅಗಲ. ಇಷ್ಟು ಸಡಿಲ ಯಾಕೆ ಎನ್ನಬೇಡಿ. ಮೇಲಂಗಿಯ ತೋಳಿನ ಸೀಳುಗಳಿಂದ ಉಬ್ಬಿ ಕಾಣಬೇಕಾದದ್ದು ಇದೇ ಬಟ್ಟೆ.

ಹೆಂಗಸರ ಒಳಅಂಗಿಯಾದ ಸ್ಮಾಕ್‌ಗೂ ಇದೇ ಕ್ರಮ. ಉದ್ದ ಮಾತ್ರ ಮೀನಖಂಡದವರೆಗೆ, ಎರಡೂ ಬದಿಗೆ ಸೊಂಟದಿಂದ ಕೆಳಗೆ ತ್ರಿಕೋನದ ತುಂಡು. 25ಕ್ಕೆ 75ರ ಆಯತವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ ಸಿಗುತ್ತದೆ.

ಹೊಲಿಗೆಯ ಸರದಿ

ಮೊದಲು ಕುತ್ತಿಗೆ. ಮೈಯನ್ನು ಅಡ್ಡ ಮಡಚಿ, ಮಡಿಕೆಯ ನಡು ಗುರುತಿಸಿ, ಎರಡೂ ಕಡೆಗೆ 18 ಸೆಂ.ಮೀ.ಯಂತೆ ಒಟ್ಟು 36 ಸೆಂ.ಮೀ. ಮಡಿಕೆಯ ಮೇಲೆಯೇ ಸೀಳಿ. ಆ ಸೀಳಿನ ನಡುವಿನಿಂದ ಎದೆಯ ಮೇಲೆ ಕೆಳಕ್ಕೆ 25 ಸೆಂ.ಮೀ. ಇನ್ನೊಂದು ಸೀಳು. ಮುಂಭಾಗದ ಅಂಚನ್ನು ನಡುವಿನಲ್ಲಿ ಎರಡು ಸೆಂ.ಮೀ. ತಗ್ಗಿಸಿ, ಇಲ್ಲದಿದ್ದರೆ ಕಾಲರ್ ಗಂಟಲಿಗೆ ಒತ್ತುತ್ತದೆ, ಹಿಂದೆ ಜೋತುಬೀಳುತ್ತದೆ. ಎದೆಸೀಳಿನ ಎರಡೂ ಅಂಚನ್ನು ಮೂರು ಮಿ.ಮೀ.ಗೆ ಎರಡು ಮಡಿಕೆ ಮಾಡಿ ಹೆಮ್ಮಿಂಗ್ ಹಾಕಿ. ಸೀಳಿನ ಬುಡ ಇಡೀ ಅಂಗಿಯ ಅತಿ ಬಡವಾದ ಜಾಗ, ತಲೆ ತೂರಿಸುವಾಗ ಹರಿಯುವುದು ಅಲ್ಲಿಯೇ. ಅಲ್ಲಿ ಅಡ್ಡಲಾಗಿ ನಾಲ್ಕು ಎಳೆ ದಾರ ಕಟ್ಟಿ, ಅದರ ಮೇಲೆ ಒತ್ತೊತ್ತಾಗಿ ಕಾಜಾ ಟಾಕು ತುಂಬಿ ಸಣ್ಣ ಸೇತುವೆ ಮಾಡಿ.

ಆಮೇಲೆ ತೋಳು. ಕಂಕುಳ ಚೌಕದ ಒಂದು ಬದಿಯನ್ನು ತೋಳಿನ ಒಂದು ಉದ್ದಂಚಿನ ಮೇಲ್ತುದಿಗೆ, ಅದರ ಪಕ್ಕದ ಬದಿಯನ್ನು ಇನ್ನೊಂದು ಉದ್ದಂಚಿಗೆ ಹೊಲಿದು ತೋಳನ್ನು ಕೊಳವೆ ಮಾಡಿ. ಚೌಕದ ಕೆಳಗಿಂದ ಮುಂಗೈಯವರೆಗೆ ಹೊಲಿಗೆ ಮುಂದುವರಿಯಲಿ, ಕೊನೆಯ 8 ಸೆಂ.ಮೀ. ಬಿಡಿ, ಅದು ಕಫ್ ಸೀಳು. ಚೌಕದ ಮೂಲೆಗಳಲ್ಲೇ ಹೆಚ್ಚಿನವರು ಸೋಲುವುದು. ಹೊಲಿಗೆ ಬಟ್ಟೆಯ ತುದಿಯವರೆಗೆ ಹೋಗಕೂಡದು, ಎರಡು ಗೆರೆ ಕೂಡುವ ಬಿಂದುವಿನಲ್ಲಿ, ಅಂಚಿಗೆ ಒಂದೂವರೆ ಸೆಂ.ಮೀ. ಮೊದಲೇ, ನಿಲ್ಲಬೇಕು. ಒಂದು ಟಾಕು ಮುಂದೆ ಹೋದರೂ ಮೂಲೆ ಸುಕ್ಕುಗಟ್ಟುತ್ತದೆ. ಇಸ್ತ್ರಿಯಿಂದ ಆ ಸುಕ್ಕು ಹೋಗುವುದಿಲ್ಲ, ಬಿಚ್ಚಿಯೇ ಹೊಲಿಯಬೇಕು.

ತೋಳಿನ ನಡುವನ್ನು ಭುಜದ ಮಡಿಕೆಗೆ ಹೊಂದಿಸಿ ಮೈಗೆ ಸೇರಿಸಿ, ಚೌಕದ ಉಳಿದ ಬದಿಗಳನ್ನು ಮೈಯ ಅಂಚಿಗೆ ಕೂಡಿಸಿ, ಅಲ್ಲಿಂದ ಕೆಳಗೆ ಪಕ್ಕದ ಹೊಲಿಗೆ ಹಾಕಿ. ಕೆಳಗಿನ 20 ಸೆಂ.ಮೀ. ಸೀಳಾಗಿಯೇ ಉಳಿಯಲಿ. ಚೌಕ ಇರುವುದರಿಂದಲೇ ಕೈ ಎತ್ತಿದಾಗ ಅಂಗಿ ಇಡಿಯಾಗಿ ಮೇಲೆದ್ದು ಬರುವುದಿಲ್ಲ, ಕತ್ತಿವರಸೆಯ ದೃಶ್ಯದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಎಲ್ಲ ಹೊಲಿಗೆಯೂ ಒಂದೇ ಬಗೆ. ಎರಡು ತುಂಡು ಮುಖಾಮುಖಿ ಇಟ್ಟು, ಸೆಂ.ಮೀ.ಗೆ ಮೂರು-ನಾಲ್ಕು ಟಾಕು ಬರುವಂತೆ ಸಾದಾ ಹೊಲಿಗೆ, ಪ್ರತಿ ಐದಾರು ಟಾಕಿಗೆ ಒಂದು ಸಲ ಹಿಂದಕ್ಕೆ ಬಂದು ಬಿಗಿ ಮಾಡುವುದು. ಬಳಿಕ ಒಳಗಿನ ಎರಡು ಮಾರ್ಜಿನ್‌ಗಳಲ್ಲಿ ಒಂದನ್ನು ಅರ್ಧ ಸೆಂ.ಮೀ.ಗೆ ಕತ್ತರಿಸಿ, ದೊಡ್ಡದನ್ನು ಅದರ ಮೇಲೆ ಮಡಚಿ ಹೆಮ್ಮಿಂಗ್ ಮಾಡಿ. ಒಳಗೆ ಒಂದೂ ಬಿಚ್ಚಿದ ಎಳೆ ಉಳಿಯಬಾರದು. ನಾಲ್ಕು ನೂರು ವರ್ಷ ಬಾಳಿ ಬಂದ ಅಂಗಿಗಳಿವೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ 1540ರ ದಶಕದ, ನೀಲಿ ರೇಷ್ಮೆ ಕಸೂತಿಯ ಲಿನನ್ ಅಂಗಿಯೊಂದಿದೆ. ಆದರೆ ಅಂಥವು ಬಲು ಕಡಿಮೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಮೇರಿ ರೋಸ್ ಹಡಗಿನಲ್ಲಿ ತೊಗಲು, ಉಣ್ಣೆ, ರೇಷ್ಮೆ ಉಳಿದವು. ಲಿನನ್ ಬಹುಮಟ್ಟಿಗೆ ಕರಗಿಹೋಗಿತ್ತು, ನೀರೊಳಗೆ ಸಸ್ಯದ ನಾರು ಅಷ್ಟು ತಾಳುವುದಿಲ್ಲ.

ನೆರಿಗೆ

72 ಸೆಂ.ಮೀ. ಕುತ್ತಿಗೆಯಂಚು 42 ಸೆಂ.ಮೀ. ಪಟ್ಟಿಯೊಳಗೆ ಕೂರಬೇಕು. ಮೆಶಿನ್ ಫ್ರಿಲ್‌ನಂತೆ ಎರ್ರಾಬಿರ್ರಿ ಸೇರಿಸಿದರೆ ಕೆಲಸ ಕೆಟ್ಟಿತು. ಅಂಚಿನಿಂದ ಒಂದು ಸೆಂ.ಮೀ. ಕೆಳಗೆ ನಾಲ್ಕು ಮಿ.ಮೀ. ಟಾಕಿನ ಸಾದಾ ಹೊಲಿಗೆ ಒಂದು ಸಾಲು, ಅದರ ಕೆಳಗೆ ಆರು ಮಿ.ಮೀ. ಬಿಟ್ಟು ಇನ್ನೊಂದು ಸಾಲು. ಎರಡನೆಯ ಸಾಲಿನ ಪ್ರತಿ ಟಾಕೂ ಮೊದಲನೆಯದರ ನೇರ ಕೆಳಗೇ ಬರಬೇಕು. ಟಾಕು ಅತ್ತಿತ್ತ ಸರಿದರೆ ನೆರಿಗೆ ನಿಲ್ಲುವುದಿಲ್ಲ, ಮುದ್ದೆಯಾಗುತ್ತದೆ. ಎರಡೂ ದಾರಗಳನ್ನು ಒಟ್ಟಿಗೆ ಎಳೆದು ಪಿನ್ನಿಗೆ ಸುತ್ತಿ ನಿಲ್ಲಿಸಿ, ಸೂಜಿಯ ಮೊಂಡು ತುದಿಯಿಂದ ಒಂದೊಂದೇ ನೆರಿಗೆಯನ್ನು ಮೇಲಿಂದ ಕೆಳಗೆ ಸವರಿ ಕೂರಿಸಿ. ಬೆನ್ನಿಗೆ 20 ಸೆಂ.ಮೀ., ಎದೆಯ ಎರಡೂ ಬದಿಗೆ ತಲಾ 11 ಸೆಂ.ಮೀ. ಹಂಚಿಕೊಳ್ಳಿ.

ಪಟ್ಟಿಯ ನಾಲ್ಕೂ ಅಂಚು ಒಳಗೆ ಮಡಚಿ ಇಸ್ತ್ರಿ ಮಾಡಿ, ಉದ್ದಕ್ಕೆ ಎರಡಾಗಿ ಮಡಚಿದರೆ ನಾಲ್ಕು ಸೆಂ.ಮೀ. ಎತ್ತರ ನಿಲ್ಲುತ್ತದೆ. ಹೊರಗಿನ ಪದರವನ್ನು ನೆರಿಗೆಯ ಮೇಲಿಟ್ಟು ಪ್ರತಿ ನೆರಿಗೆಯ ತಲೆಗೂ ಒಂದೊಂದು ಸುತ್ತುಹೊಲಿಗೆ ಹಾಕಿ, ಒಂದನ್ನೂ ಬಿಡದೆ. ಒಳಗಿನ ಪದರಕ್ಕೂ ಹಾಗೆಯೇ. ಕಫ್‌ಗಳಿಗೆ 47 ಸೆಂ.ಮೀ. ತೋಳು 22 ಸೆಂ.ಮೀ. ಪಟ್ಟಿಗೆ ಇಳಿಯಬೇಕು, ಕ್ರಮ ಅದೇ. ಇಡೀ ಅಂಗಿಗೆ ಕೈ ಪಳಗಿದವರಿಗೂ 25ರಿಂದ 30 ಗಂಟೆ ಹಿಡಿಯುತ್ತದೆ. ನಾಟಕದ ದಿನ ನಿಗದಿಯಾದ ಮೇಲೆ ಶುರುಮಾಡಿದರೆ ಸಾಲದು.

ಕಫ್‌ಗೆ ಕಪ್ಪು ಕಸೂತಿ: ಗವಂತಿ ಬಲ್ಲವರಿಗೆ ಹೊಸತಲ್ಲ

ಹೆನ್ರಿಯ ಆಸ್ಥಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಚಿತ್ರಗಳಲ್ಲಿ ಬಿಳಿ ಕಫ್, ಕಾಲರ್‌ಗಳ ಮೇಲೆ ಕಪ್ಪು ರೇಷ್ಮೆಯ ಕಸೂತಿ ಎಳೆ ಎಣಿಸುವಷ್ಟು ಸ್ಪಷ್ಟವಾಗಿದೆ. ಅವನ ಹೆಸರಿನಿಂದಲೇ ಆ ಟಾಕಿಗೆ ಹೋಲ್ಬೈನ್ ಟಾಕು ಎನ್ನುತ್ತಾರೆ. ಧಾರವಾಡದ ಕಸೂತಿಯ ಗವಂತಿ ಹೊಲಿಗೆ ಬಲ್ಲವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಎರಡೂ ಒಂದೇ. ಎಳೆ ಎಣಿಸಿ ಒಂದು ಟಾಕು ಮೇಲೆ, ಒಂದು ಕೆಳಗೆ ಹೋಗುತ್ತ ಸಾಗುವುದು, ಮರಳಿ ಬರುವಾಗ ಖಾಲಿ ಜಾಗ ತುಂಬುವುದು, ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ರ, ಎಲ್ಲೂ ಗಂಟಿಲ್ಲ. ಕಫ್ ಅಂಚು ಮಡಚಿಕೊಂಡಾಗ ಒಳಮೈಯೂ ಕಾಣುವುದರಿಂದ ಅಲ್ಲಿಯೂ ಈ ಗುಣವೇ ಬೇಕಾಗಿತ್ತು. ಮನೆಯಲ್ಲಿ ಇಳಕಲ್ ಸೀರೆಗೆ ಕಸೂತಿ ಹಾಕಿದ ಅಜ್ಜಿಯೋ ಚಿಕ್ಕಮ್ಮನೋ ಇದ್ದರೆ ಈ ಭಾಗವನ್ನು ಅವರ ಕೈಗೆ ಕೊಡಿ.

ಕತ್ತರಿಸುವ ಮೊದಲೇ ಕಸೂತಿ ಹಾಕಬೇಕು. ಕತ್ತರಿಸಿದ ಪಟ್ಟಿ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ, ಅಂಚೂ ಬಿಚ್ಚುತ್ತದೆ. ಇಂಚಿಗೆ 28 ಎಳೆಯ ಬಟ್ಟೆಯಾದರೆ ಸೆಂ.ಮೀ.ಗೆ 11 ಎಳೆ. 22 ಸೆಂ.ಮೀ. ಕಫ್‌ಗೆ 242 ಎಳೆ, ಎರಡೆಳೆಗೊಂದು ಟಾಕಿನಂತೆ 121 ಟಾಕು. ಈ ಲೆಕ್ಕಕ್ಕೆ ಹೊಂದುವ ಮೆಟ್ಟಿಲಿನ ಗೋಪುರ ಹೀಗಿದೆ: ಬಲಕ್ಕೆ ಒಂದು ಟಾಕು, ಮೇಲಕ್ಕೆ ಒಂದು, ಹೀಗೆ ಆರು ಮೆಟ್ಟಿಲು ಹತ್ತಿ. ಆಮೇಲೆ ಬಲಕ್ಕೆ ಒಂದು, ಕೆಳಕ್ಕೆ ಒಂದು, ಆರು ಮೆಟ್ಟಿಲು ಇಳಿಯಿರಿ. ಒಂದು ಗೋಪುರಕ್ಕೆ ಅಡ್ಡಲಾಗಿ 12 ಟಾಕು. ಹತ್ತು ಗೋಪುರಕ್ಕೆ 120, ಕೊನೆಗೆ ಮುಚ್ಚಲು ಅಡ್ಡ ಟಾಕು ಒಂದು. ಹೋಗುವಾಗ ಅಡ್ಡ ಟಾಕುಗಳೆಲ್ಲ ಬಟ್ಟೆಯ ಮೇಲೆ, ನಿಂತ ಟಾಕುಗಳೆಲ್ಲ ಹಿಂದೆ ಬೀಳುತ್ತವೆ. ಮರಳುವಾಗ ನಿಂತವು ಮೇಲೆ ಬಂದು ಮೆಟ್ಟಿಲು ಪೂರ್ಣವಾಗುತ್ತದೆ. ಇದನ್ನೇ ಕನ್ನಡಿಯಲ್ಲಿ ಕಂಡಂತೆ ಕೆಳಮುಖವಾಗಿ ಇನ್ನೊಂದು ಸಾಲು ಹಾಕಿದರೆ ವಜ್ರಗಳ ಸರ, ಎತ್ತರ ಸುಮಾರು ಎರಡೂಕಾಲು ಸೆಂ.ಮೀ., ನಾಲ್ಕು ಸೆಂ.ಮೀ. ಕಫ್‌ನ ನಡುವೆ ಸರಿಯಾಗಿ ಕೂರುತ್ತದೆ.

ನೇರ ಗೆರೆಯ ವಿನ್ಯಾಸದಲ್ಲಿ ಮರಳುವ ಟಾಕು ಹಳೆಯ ಟಾಕಿನ ರಂಧ್ರದಲ್ಲೇ ಇಳಿಯುತ್ತದಲ್ಲ, ಅಲ್ಲಿ ಒಂದು ನಿಯಮ ಹಿಡಿಯಿರಿ: ಯಾವಾಗಲೂ ಹಳೆಯ ದಾರದ ಮೇಲ್ಮಗ್ಗುಲಲ್ಲಿ ಸೂಜಿ ಎದ್ದು ಕೆಳಮಗ್ಗುಲಲ್ಲಿ ಇಳಿಯಲಿ. ಮನಬಂದಂತೆ ಮಾಡಿದರೆ ಗೆರೆ ಹಲ್ಲುಹಲ್ಲಾಗಿ ಕಾಣುತ್ತದೆ. ಬಟ್ಟೆಯ ಹಾಸು, ಹೊಕ್ಕು ಎರಡನ್ನೂ ಮೊದಲೇ ಎಣಿಸಿಕೊಳ್ಳಿ, ಎಣಿಕೆ ಬೇರೆಯಾದರೆ ವಜ್ರ ಚಪ್ಪಟೆಯೋ ನೀಳವೋ ಆಗುತ್ತದೆ.

ದಾರ ಒಂದೆಳೆ ಕಪ್ಪು ರೇಷ್ಮೆ. ಮನೆಯಲ್ಲೇ ಅಳಲೆಕಾಯಿ, ಕಬ್ಬಿಣದ ನೀರಿನಲ್ಲಿ ಕಪ್ಪು ಮಾಡುವ ಆಸೆ ಕೆಲವರಿಗಿರುತ್ತದೆ. ಬಣ್ಣ ಚೆನ್ನಾಗಿ ಬರುತ್ತದೆ, ಆದರೆ ಕಬ್ಬಿಣ ಸೇರಿದ ಕಪ್ಪು ರೇಷ್ಮೆಯನ್ನು ನಿಧಾನವಾಗಿ ತಿನ್ನುತ್ತದೆ. ಆ ಕಾಲದ ಅನೇಕ ಕಸೂತಿಗಳಲ್ಲಿ ಈಗ ಕಪ್ಪು ದಾರವೇ ಉದುರಿಹೋಗಿ, ಸೂಜಿಯ ರಂಧ್ರಗಳಷ್ಟೇ ಉಳಿದಿರುವುದು ಇದೇ ಕಾರಣಕ್ಕೆ.

ರಫ್ ಮತ್ತು ಗಂಜಿ

ತೆಳು ಲಿನನ್ ಕಾಲು ಮೀಟರ್ ಸಾಕು. ಪನ್ನದುದ್ದಕ್ಕೂ 8 ಸೆಂ.ಮೀ. ಅಗಲದ ಎರಡು ಪಟ್ಟಿ ತೆಗೆದು ಕೂಡಿಸಿದರೆ ಮೂರು ಮೀಟರಿಗೆ ತುಸು ಕಡಿಮೆ ಬರುತ್ತದೆ. ಒಂದು ಉದ್ದಂಚು ಮತ್ತು ಎರಡು ತುದಿಗಳನ್ನು ಎಷ್ಟು ಸಣ್ಣಗೆ ಸಾಧ್ಯವೋ ಅಷ್ಟು ಸಣ್ಣಗೆ ಸುರುಳಿ ಮಾಡಿ ಹೆಮ್ಮಿಂಗ್ ಹಾಕಿ. ದಪ್ಪ ಅಂಚು ಭಾರಕ್ಕೆ ಬಾಗುತ್ತದೆ. ಇನ್ನೊಂದು ಅಂಚಿಗೆ ಒಂದು ಸೆಂ.ಮೀ. ಮೇಲೆ, ಒಂದು ಸೆಂ.ಮೀ. ಕೆಳಗೆ ಹೋಗುವ ಟಾಕಿನಲ್ಲಿ ಎರಡು ಸಾಲು ಹಾಕಿ ಎಳೆದರೆ ಸುಮಾರು 150 ನೆರಿಗೆ. ಅವು 42 ಸೆಂ.ಮೀ. ಪಟ್ಟಿಯಲ್ಲಿ ಕೂರಬೇಕು, ಒಂದಕ್ಕೆ ಮೂರು ಮಿ.ಮೀ.ಗೂ ಕಡಿಮೆ ಜಾಗ. ಇಲ್ಲಿಯೂ ಪ್ರತಿ ನೆರಿಗೆಗೆ ಪ್ರತ್ಯೇಕ ಟಾಕು.

ಗಂಜಿಯಿಲ್ಲದ ರಫ್ ಒದ್ದೆ ಕರವಸ್ತ್ರದಂತೆ ಜೋತುಬೀಳುತ್ತದೆ. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಗೋಧಿಯ ಪಿಷ್ಟ ಬಳಸುತ್ತಿದ್ದರು, ಕೆಲವೆಡೆ ಕೆಸುವಿನ ಜಾತಿಯ ಒಂದು ಕಾಡುಗಡ್ಡೆಯ ಪಿಷ್ಟ. ಕೆಸು ಹೆಚ್ಚಿ ಕೈ ತುರಿಸಿದವರಿಗೆ ಅದರ ಕಷ್ಟ ಗೊತ್ತಾಗುತ್ತದೆ, ಅಲ್ಲಿನ ಅಗಸಗಿತ್ತಿಯರ ಕೈಗೆ ಬೊಬ್ಬೆ ಬರುತ್ತಿತ್ತು. ನಮ್ಮಲ್ಲಿ ಅನ್ನದ ಗಂಜಿಗಿಂತ ಕೂವೆ ಹಿಟ್ಟು ಒಳ್ಳೆಯದು. ಅನ್ನದ ಗಂಜಿ ಎಷ್ಟು ಸೋಸಿದರೂ ಚುಕ್ಕೆ ಉಳಿಯುತ್ತದೆ, ಕೂವೆ ತಿಳಿಯಾಗಿ ನಿಲ್ಲುತ್ತದೆ. ಕೂವೆ ಇಲ್ಲದಿದ್ದರೆ ಸಾಬಕ್ಕಿ. 20 ಗ್ರಾಂ ಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಟ್ಟು 300 ಮಿ.ಲೀ. ಆಗುವಷ್ಟು ಕುದಿಯುವ ನೀರಿಗೆ ಹೊಯ್ದು, ಬಿಳಿ ಹೋಗಿ ಪಾರದರ್ಶಕವಾಗುವ ತನಕ ತಿರುವಿ. ಮಲ್ಲು ಬಟ್ಟೆಯಲ್ಲಿ ಸೋಸಿ, ಕೈ ತಾಳುವಷ್ಟು ಬಿಸಿಯಿರುವಾಗ ರಫ್ ಅದ್ದಿ, ಎಳೆಯೊಳಗೆ ಇಳಿಯುವಂತೆ ಹಿಸುಕಿ, ಒಣ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಮೇಲ್ಮೈಯಲ್ಲಿ ಗಂಜಿ ಉಳಿದರೆ ಒಣಗಿದ ಮೇಲೆ ಹೊಳೆಯುವ ತೇಪೆಯಾಗಿ ಸಿಪ್ಪೆ ಏಳುತ್ತದೆ.

ರಫ್‌ನ ನೆರಿಗೆಗಳನ್ನು ದುಂಡನೆಯ ಕುಣಿಕೆಗಳಾಗಿ ಕೂರಿಸಲು ಅಲ್ಲಿ ಮರದ, ಮೂಳೆಯ ಕಡ್ಡಿಗಳಿದ್ದವು, ಆಮೇಲೆ ಕಾಯಿಸಿದ ಲೋಹದವು ಬಂದವು. ಇಲ್ಲಿ ಒಂದೂವರೆಯಿಂದ ಎರಡು ಸೆಂ.ಮೀ. ದಪ್ಪದ ಬಿದಿರು ಅಥವಾ ಅಡಿಕೆ ದಬ್ಬೆಯನ್ನು ಗೋಲಾಗಿ ಕೆತ್ತಿ, ಮರಳುಕಾಗದದಲ್ಲಿ ನುಣುಪು ಮಾಡಿದ 50 ಕಡ್ಡಿ ಸಾಕು. ಒಂದು ಸಿಬಿರು ಉಳಿದರೂ ಲಿನನ್ ಎಳೆ ಕಿತ್ತುಬರುತ್ತದೆ. ಮೂರು ನೆರಿಗೆಗೊಂದು ಕುಣಿಕೆ: ಒಂದು ಮೇಲೆ, ಒಂದು ಕೆಳಗೆ, ಎಂಟರ ಅಂಕಿ ಅಡ್ಡ ಮಲಗಿದ ಹಾಗೆ. ಪಕ್ಕದ ಕುಣಿಕೆಗಳು ತಾಗುವಲ್ಲಿ ಹಿತ್ತಾಳೆ ಪಿನ್ನು ಚುಚ್ಚಿ ರಾತ್ರಿಯಿಡೀ ಫ್ಯಾನಿನ ಕೆಳಗೆ ಇಡಿ. ಕಾರವಾರದ ಕಡಲಗಾಳಿಗೆ ಬಯಲಲ್ಲಿಟ್ಟರೆ ಒಣಗುವುದಕ್ಕಿಂತ ಹಸಿ ಹಿಡಿಯುವುದೇ ಹೆಚ್ಚು. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆ ತಾಗಿ ಬಿಳಿ ಹಳದಿಯಾಗುತ್ತದೆ. ರಫ್ ಅನ್ನು ಪ್ರದರ್ಶನದ ದಿನ ಬೆಳಿಗ್ಗೆಯೇ ಕೂರಿಸಿ ಮುಗಿಸಿ, ರಂಗಕ್ಕೆ ಹೋಗುವ ಕ್ಷಣದಲ್ಲಿ ಕಟ್ಟಿ. ಬಣ್ಣದ ಮನೆಯ ಬೆವರಿನಲ್ಲಿ ಎರಡು ಗಂಟೆ ಕುಳಿತ ರಫ್ ಮೂರನೆಯ ದೃಶ್ಯಕ್ಕೆ ಉಳಿಯುವುದಿಲ್ಲ.

ಒಂದು ಮಾತು: ಊಳಿಗದವನಿಗೆ, ರೈತನಿಗೆ ಇಂಥ ರಫ್ ಬೇಡ. ಯಾರು ಏನು ಉಡಬೇಕೆಂದು ಕಾನೂನೇ ಇದ್ದ ಕಾಲ ಅದು. 1574ರಲ್ಲಿ ರಾಣಿ ಎಲಿಜಬೆತ್ ಅದನ್ನು ಮತ್ತೆ ಹೊರಡಿಸಿದ್ದಳು. ಬಡವನಿಗೆ ಸಾದಾ ಪಟ್ಟಿಯ ಅಂಗಿ ಸಾಕು, ಅದೇ ಅವನಿಗೆ ಒಪ್ಪುತ್ತದೆ.

ಕಸೆ ಮತ್ತು ಟೋಪಿ

ಕಾಲರ್, ಕಫ್, ರಫ್ ಎಲ್ಲಕ್ಕೂ ಗುಂಡಿಯ ಬದಲು ಕಸೆ ಹಾಕಿ. ಯಕ್ಷಗಾನದ ದಗಲೆಗೆ ಕಟ್ಟುವ ಹಾಗೆಯೇ. ಹತ್ತಿಯ ದಾರವನ್ನು ಮೂರೆಳೆ ಹೆಣೆದು 20 ಸೆಂ.ಮೀ.ಯ ಜೋಡಿ ಮಾಡಿ, ಕಾಜಾ ಟಾಕಿನಲ್ಲಿ ಸುತ್ತು ಹೊಲಿದ ರಂಧ್ರದಲ್ಲಿ ಪೋಣಿಸಿ. ರಂಧ್ರವನ್ನು ಕತ್ತರಿಯಿಂದ ಕತ್ತರಿಸದೆ ದಬ್ಬಳದಿಂದ ಎಳೆ ಸರಿಸಿ ಮಾಡಿದರೆ ಎಂದೂ ಹರಿಯುವುದಿಲ್ಲ. ಕಸೆಯ ತುದಿಗೆ ತೆಳು ಹಿತ್ತಾಳೆ ತಗಡಿನ 25ಕ್ಕೆ 9 ಮಿ.ಮೀ. ತುಂಡನ್ನು ಸುರುಳಿ ಸುತ್ತಿ ಬಿಗಿಮಾಡಿದರೆ ಪೋಣಿಸಲು ಸುಲಭ.

ಟೋಪಿ ಉಣ್ಣೆಯದು. 1571ರ ಕಾಯಿದೆಯೊಂದು ಆರು ವರ್ಷ ಮೇಲ್ಪಟ್ಟ ಸಾಮಾನ್ಯರೆಲ್ಲ ಭಾನುವಾರ, ಹಬ್ಬದ ದಿನ ಇಂಗ್ಲೆಂಡಿನಲ್ಲೇ ಮಾಡಿದ ಉಣ್ಣೆಯ ಟೋಪಿ ಹಾಕಬೇಕೆಂದು ಹೇಳಿತ್ತು, 1597ರಲ್ಲಿ ರದ್ದಾಯಿತು. ಅವು ಹೆಣೆದು, ನೀರಿನಲ್ಲಿ ತುಳಿದು ಗಟ್ಟಿ ಮಾಡಿದ ಟೋಪಿಗಳು. ಅದಕ್ಕೆ ಹತ್ತಿರದ ಬದಲಿ ಹಳೆಯ ಕಂಬಳಿ. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಮೊದಲು ಅದನ್ನು ತೊಳೆದು ತೆಗೆಯಿರಿ. ಆಮೇಲೆ ಬಿಸಿ ಸೋಪುನೀರಿನಲ್ಲಿ 20 ನಿಮಿಷ ತುಳಿದು ಒಣಗಿಸಿ. ನಮ್ಮ ಕುರಿಯ ಉಣ್ಣೆ ಒರಟು, ತೀರಾ ಬಿಗಿಯಾಗಿ ಕೂಡಿಕೊಳ್ಳುವುದಿಲ್ಲ, ಆದರೂ ಕತ್ತರಿಸಿದ ಅಂಚು ಅಷ್ಟಾಗಿ ಬಿಚ್ಚುವುದಿಲ್ಲ. 30 ಸೆಂ.ಮೀ. ಅಡ್ಡಳತೆಯ ಬಿಲ್ಲೆಯೊಂದನ್ನು ಕತ್ತರಿಸಿ, ಅಂಚಿಗೆ ನೆರಿಗೆ ಹಾಕಿ 59 ಸೆಂ.ಮೀ. ತಲೆಪಟ್ಟಿಗೆ ಇಳಿಸಿ. ಒಳಗಿನ ಅಡ್ಡಳತೆ ಹದಿನೆಂಟೂವರೆ, ಹೊರಗಿನದು 28 ಇರುವ ಎರಡು ಬಳೆಗಳನ್ನು ಸೇರಿಸಿ ಅಂಚು ಮಾಡಿ ಪಟ್ಟಿಗೆ ಹೊಲಿಯಿರಿ. ಒಳಗೆ ಹತ್ತಿಯ ಅಸ್ತರಿ ಹಾಕದಿದ್ದರೆ ಹಣೆ ತುರಿಸುತ್ತದೆ.

ಒಗೆಯುವುದು, ಇಡುವುದು

ಬಿಳಿ ಅಂಗಿಯನ್ನು ಅಲ್ಲಿ ಕಟ್ಟಿಗೆ ಬೂದಿಯ ನೀರಿನಲ್ಲಿ ನೆನೆಹಾಕಿ, ಹುಲ್ಲಿನ ಮೇಲೆ ಹರವಿ ಬಿಸಿಲಿಗೆ ಬೆಳ್ಳಗಾಗಿಸುತ್ತಿದ್ದರು. ನಮ್ಮ ಹಿರಿಯರ ಕ್ರಮವೂ ಅದೇ. ರೇಷ್ಮೆ ಕಸೂತಿ ಇರುವ ಭಾಗಕ್ಕೆ ಮಾತ್ರ ಬೂದಿನೀರು, ಸೋಡಾ ತಾಗಿಸಬೇಡಿ, ಅಂಟುವಾಳದ ನೊರೆ ಸಾಕು. ನೀಲಿ ಹಾಕುವುದು ಬೇಡ, ರಂಗದ ದೀಪಕ್ಕೆ ಟ್ಯೂಬ್‌ಲೈಟಿನ ಬಿಳಿಯಂತೆ ಕಾಣುತ್ತದೆ.

ಮೇ ಕೊನೆಯೊಳಗೆ ಎಲ್ಲ ರಫ್‌ಗಳಿಂದ ಗಂಜಿ ಪೂರ್ತಿ ತೊಳೆದು ತೆಗೆಯಿರಿ. ಗಂಜಿ ಉಳಿದ ಬಟ್ಟೆಗೆ ಜೂನ್ ಮೂರನೆಯ ವಾರದಲ್ಲಿ ಬೂಷ್ಟು ಹಿಡಿಯುತ್ತದೆ, ಜಿರಳೆ, ಬೆಳ್ಳಿಹುಳ ಮೂತಿ ಹಾಕುತ್ತವೆ. ಇಸ್ತ್ರಿ ಮಾಡದೆ, ಮಡಿಕೆ ಒತ್ತದೆ, ಹಳೆಯ ಹತ್ತಿ ಸೀರೆಯಲ್ಲಿ ಸಡಿಲವಾಗಿ ಸುತ್ತಿ ಮರದ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ. ಪಿನ್ನು, ಹಿತ್ತಾಳೆ ತುದಿಯ ಕಸೆಗಳನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ, ಹಸಿಗಾಳಿಗೆ ಹಿತ್ತಾಳೆಯೂ ಹಸಿರು ಕಿಲುಬು ಬಿಟ್ಟು ಲಿನನ್‌ಗೆ ಕಲೆ ಮಾಡುತ್ತದೆ. ಆಗಸ್ಟಿನಲ್ಲಿ ಒಂದೆರಡು ದಿನ ಬಿಸಿಲು ಬಿದ್ದರೆ ಪೆಟ್ಟಿಗೆ ತೆರೆದು, ಅಂಗಿಯನ್ನು ಒಳಮೈ ಹೊರಗೆ ಮಾಡಿ ಒಂದು ಗಂಟೆ ನೆರಳಿನ ಗಾಳಿಗೆ ಹಾಕಿ, ತಣಿದ ಮೇಲೆ ಹಿಂದಿನ ಮಡಿಕೆ ಬಿಟ್ಟು ಬೇರೆ ಜಾಗದಲ್ಲಿ ಮಡಚಿ ಇಡಿ.